ಹಲ್ವಾಗೆ ಸಿಕ್ಕ ಮೇಷ್ಟ್ರು

"ತಿನ್ನೇ ಹಲ್ವಾ, ಒಂದೇ ಒಂದು ಎಲೆ. ನಿನಗೆ ಅಂತಾನೇ ಕೊತ್ತಂಬರಿ ತಂದಿದ್ದೀನಿ, ನೋಡು."

ಬುಷ್ರಾ ಮೆಟ್ಟಿಲ ಕೆಳಗಿನ ಗೂಡಿನ ಮುಂದೆ ಮಂಡಿಯೂರಿ ಕೂತಿದ್ದಳು. ಯೂನಿಫಾರ್ಮ್ ಹಾಕಿಯಾಗಿತ್ತು. ಸಾಕ್ಸ್ ಮಾತ್ರ ಒಂದೇ ಕಾಲಿಗೆ ಏರಿತ್ತು. ತಲೆ ಇನ್ನೂ ಕೆದರಿಕೊಂಡೇ ಇತ್ತು.

ಗೂಡಿನೊಳಗೆ ಹಲ್ವಾ ಗೋಡೆಗೆ ಮುಖ ಮಾಡಿಕೊಂಡು ಕೂತಿದ್ದಳು. ಕಂದು ಬಣ್ಣದ ಮೊಲ. ತಿಂಡಿ ಅಂಗಡಿಯ ಹಲ್ವಾ ತುಂಡಿನ ಬಣ್ಣವೇ, ಅದಕ್ಕೇ ಆ ಹೆಸರು. ಈ ಮನೆಯಲ್ಲಿ ಯಾರೂ ಅವಳನ್ನು 'ಅದು' ಅನ್ನುವುದಿಲ್ಲ. ಅಂದರೆ ಬುಷ್ರಾ ಊಟ ಬಿಡುತ್ತಾಳೆ.

ಆದರೆ ಈಗ ಊಟ ಬಿಟ್ಟಿದ್ದವಳು ಹಲ್ವಾ. ಅವಳ ಜೊತೆ ಬರ್ಫಿ ಅಂತ ಇನ್ನೊಂದು ಮೊಲ ಇತ್ತು, ಬೆಳ್ಳಗೆ. ಇಬ್ಬರೂ ಒಂದೇ ಬುಟ್ಟಿಯಲ್ಲಿ ಮರಿಗಳಾಗಿ ಬಂದವರು. ಹೋದ ತಿಂಗಳು ಬರ್ಫಿಗೆ ಕಾಯಿಲೆ ಬಂತು, ಔಷಧಿ ನಾಟಲಿಲ್ಲ, ಸತ್ತುಹೋಯಿತು. ಅವತ್ತಿನಿಂದ ಹಲ್ವಾ ದಿನಕ್ಕೆ ಒಂದೆರಡು ಎಳೆ ಹುಲ್ಲು ಕಡಿಯುವುದು ಬಿಟ್ಟರೆ ಗೋಡೆ ನೋಡುತ್ತಾ ಕೂತಿದ್ದಾಳೆ. ಗೋಡೆಯಲ್ಲಿ ನೋಡುವಂಥದ್ದು ಏನೂ ಇಲ್ಲ.

"ಆಟೋ ಬರೋ ಹೊತ್ತಾಯ್ತು ಬುಷ್ರಾ," ಒಳಗಿಂದ ಅಮ್ಮಿ ಕೂಗಿದಳು. "ಜಡೆ ಹಾಕೋದು ಬೇಡ್ವಾ? ನನ್ನ ಕೈಯೆಲ್ಲ ಹಿಟ್ಟು."

"ನಾನು ಹಾಕ್ಲಾ?"

ಕೇಳಿದ್ದು ಅಂಬ್ರೀನ್ ಚಾಚಿ. ಅಡುಗೆಮನೆ ಬಾಗಿಲಲ್ಲಿ ಬಾಚಣಿಗೆ ಹಿಡಿದು ನಿಂತಿದ್ದಳು.

"ಬೇಡ. ಅಮ್ಮಿನೇ ಹಾಕ್ಬೇಕು," ಅಂದಳು ಬುಷ್ರಾ, ತಿರುಗಿಯೂ ನೋಡದೆ.

ಅಂಬ್ರೀನ್ ಅಂದರೆ ಬುಷ್ರಾಳ ಅಪ್ಪನ ತಮ್ಮ ಅಜರ್ ಚಾಚಾನ ಹೆಂಡತಿ. ಪಾವಗಡದ ಕಡೆಯ ಹುಡುಗಿ. ನಿಖಾ ಆಗಿ ಶಿರಾಕ್ಕೆ ಬಂದು ಇನ್ನೂ ಒಂದು ಮಳೆಗಾಲವೂ ಕಳೆದಿರಲಿಲ್ಲ. ಬಂದ ಹೊಸದರಲ್ಲಿ ಅವಳ ಮಾತಿನ ನಡುವೆ ತೆಲುಗು ನುಸುಳುತ್ತಿತ್ತು. ಒಂದು ದಿನ ಒಲೆಯ ಮೇಲೆ ಹಾಲು ಉಕ್ಕಿ ಚೆಲ್ಲಿದಾಗ "ಏಮೀ ಕಾದು, ಏಮೀ ಕಾದು" ಅಂದಿದ್ದಳು. ಏನೂ ಆಗಲ್ಲ ಬಿಡು ಅಂತ ಅರ್ಥ. ಬುಷ್ರಾ ಅದನ್ನೇ ರಾಗ ಎಳೆದು ಅಣಕಿಸಿ ಮನೆಮಂದಿಯನ್ನೆಲ್ಲ ನಗಿಸಿದ್ದಳು. ಚಾಚಿಯೂ ನಕ್ಕಿದ್ದಳು. ಆಮೇಲೆ ಮಾತ್ರ ಆ ಮನೆಯಲ್ಲಿ ತೆಲುಗು ಕೇಳಿಸಲಿಲ್ಲ.

ಹೊರಗೆ ಆಟೋ ಹಾರ್ನ್ ಹೊಡೆಯಿತು. ಅಮ್ಮಿ ಹಿಟ್ಟಿನ ಕೈಯಲ್ಲೇ ಬಂದು ಒಂದು ಸೊಟ್ಟ ಜಡೆ ಹೆಣೆದು ಕಳಿಸಿದಳು. ಕೂದಲಿಗೆಲ್ಲ ಗೋಧಿ ಹಿಟ್ಟು.

"ಏನೇ ಇದು, ಒಂದೇ ದಿನಕ್ಕೆ ಮುದುಕಿ ಆಗ್ಬಿಟ್ಟಿದ್ದೀಯಾ," ಅಂದಳು ಆಟೋದಲ್ಲಿ ಕೂತಿದ್ದ ಶರಣ್ಯಾ. ಅವಳದು ಪಕ್ಕದ ಮನೆ, ಅದೇ ಕ್ಲಾಸು.

ಬುಷ್ರಾಗೆ ನಗು ಬರಲಿಲ್ಲ. "ಹಲ್ವಾ ಇವತ್ತೂ ತಿನ್ನಲಿಲ್ಲ ಕಣೇ," ಅಂದಳು.

ಅವತ್ತು ಸಂಜೆ ದಾದಿ, ಅಂದರೆ ಅಪ್ಪನ ತಾಯಿ, ಹಲ್ವಾಳನ್ನು ಬುಟ್ಟಿಯಲ್ಲಿ ಕೂರಿಸಿ, ಮೇಲೆ ಟವೆಲ್ ಮುಚ್ಚಿ, ಬುಷ್ರಾಳ ಜೊತೆ ದನದ ಆಸ್ಪತ್ರೆಗೆ ನಡೆದರು. ದಾದಿಯ ಹೆಸರು ಅಮೀರುನ್ನೀಸಾ. ಶಿರಾದಲ್ಲಿ ಈ ಹೆಸರು ಗೊತ್ತಿಲ್ಲದ ಮನೆ ಕಡಿಮೆ. ಯಾಕೆಂದರೆ ದಾದಿ ರಿಶ್ತಾ ಕೂಡಿಸುವವರು. ಯಾರ ಮನೆಯ ಹುಡುಗಿಗೆ ಯಾರ ಮನೆಯ ಹುಡುಗ ಸರಿ ಅಂತ ನೋಡಿ, ಎರಡೂ ಕಡೆ ಮಾತಾಡಿ, ನಿಖಾದ ತನಕ ಮುಟ್ಟಿಸುವವರು. ಅಂಬ್ರೀನ್ ಚಾಚಿಯನ್ನು ಹುಡುಕಿದ್ದೂ ಅವರೇ. "ನಾನು ಕೂಡಿಸಿದ ಒಂದು ರಿಶ್ತಾನೂ ವಾಪಸ್ ಬಂದಿಲ್ಲ," ಎಂಬುದು ಅವರ ದೊಡ್ಡ ಹೆಮ್ಮೆ.

ಆಸ್ಪತ್ರೆಯಲ್ಲಿ ಎಮ್ಮೆ, ಕುರಿ, ಮೇಕೆಗಳ ನಡುವೆ ಹಲ್ವಾ ಬುಟ್ಟಿಯೊಳಗೆ ಮುದುಡಿಕೊಂಡಳು. ಡಾಕ್ಟರ್ ಲೋಹಿತಾ ಅವಳನ್ನು ಮೇಜಿನ ಮೇಲೆ ಕೂರಿಸಿ, ಹಲ್ಲು ನೋಡಿ, ಹೊಟ್ಟೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು.

"ಕಾಯಿಲೆ ಏನಿಲ್ಲ," ಅಂದರು. "ಬೇಜಾರು. ಮೊಲ ಒಂಟಿಯಾಗಿ ಇರೋ ಪ್ರಾಣಿ ಅಲ್ಲ ಬುಷ್ರಾ. ಇವಳಿಗೆ ಜೊತೆ ಬೇಕು."

"ನಾನು ಇದೀನಲ್ಲ ಮೇಡಂ."

"ನೀನು ಸ್ಕೂಲಿಗೆ ಹೋಗ್ತೀಯ. ರಾತ್ರಿ ಮಲಗ್ತೀಯ. ಅವಳ ಭಾಷೆ ನಿನಗೆ ಬರುತ್ತಾ?"

ಬುಷ್ರಾ ಬುಟ್ಟಿಯ ಟವೆಲನ್ನು ಮಡಚತೊಡಗಿದಳು.

"ಹೊಟ್ಟೆಗೆ ಔಷಧಿ ಕೊಡ್ತೀನಿ. ಆದ್ರೆ ಮೊಲ ತಿನ್ನೋದು ಪೂರ್ತಿ ನಿಲ್ಲಿಸಿದ್ರೆ ಹೊಟ್ಟೆ ಕೆಲಸ ಮಾಡೋದೇ ನಿಂತುಹೋಗುತ್ತೆ. ಆಮೇಲೆ ಉಳಿಸೋದು ಕಷ್ಟ. ಬೇಗ ಜೊತೆ ಹುಡುಕಿ."

"ಮನೇಲಿ ದೊಡ್ಡ ಸೊಸೆ ಹೇಳಿದ್ದಾಳೆ, ಮರಿಗಿರಿ ಆಗೋ ಹಂಗಿಲ್ಲ ಅಂತ," ಅಂದರು ದಾದಿ.

ಡಾಕ್ಟರ್ ನಕ್ಕರು. "ಆಗಲ್ಲ. ಕೊರಟಗೆರೆ ಕಡೆ ಇದ್ದಾಗ ನಾನೇ ಒಂದು ಗಂಡು ಮೊಲಕ್ಕೆ ಆಪರೇಷನ್ ಮಾಡಿದ್ದೆ. ಹೊಳವನಹಳ್ಳಿ ರೇಣುಕಯ್ಯನವರದ್ದು. ಅದೂ ಒಂಟಿಯಾಗಿದೆ, ಯಾರಾದ್ರೂ ಜೊತೆ ಇದ್ರೆ ಹೇಳಿ ಅಂತಿದ್ರು. ಫೋನ್ ನಂಬರ್ ಕೊಡ್ತೀನಿ. ಒಂದು ಮಾತು ಮಾತ್ರ ಮರೀಬೇಡಿ. ತಂದ ತಕ್ಷಣ ಒಂದೇ ಗೂಡಿಗೆ ಬಿಡಬೇಡಿ. ಮೊದಲು ಬೇರೆ ಬೇರೆ ಇಡಿ."

ದಾದಿಯ ಕಿವಿಗೆ 'ಗಂಡು' ಎಂಬ ಮಾತು ಬಿದ್ದ ಮೇಲೆ ಮತ್ತೇನೂ ಬೀಳಲಿಲ್ಲ. ಅವರ ಕಣ್ಣು ಆಗಲೇ ಮಿಂಚುತ್ತಿತ್ತು.

ಮಾರನೇ ದಿನ ಶಾಲೆಗೆ ರಜೆ ಇತ್ತು. ದಾದಿ ಒಳ್ಳೆಯ ಬುರ್ಖಾ ಹಾಕಿಕೊಂಡು, ಕಾಲು ಕೇಜಿ ಸಕ್ಕರೆ ಮಿಠಾಯಿ ಕಟ್ಟಿಸಿಕೊಂಡು ಹೊರಟರು. ಹುಡುಗನನ್ನು ನೋಡಲು ಬರಿಗೈಯಲ್ಲಿ ಹೋಗಬಾರದಂತೆ. ಬುಟ್ಟಿ ಹಿಡಿಯಲು ಅಂಬ್ರೀನ್ ಚಾಚಿ ಬರಲಿ ಅಂದರು. ಬುಷ್ರಾ ಮುಖ ಊದಿಸಿಕೊಂಡು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಳು. ಮಧುಗಿರಿಯಲ್ಲಿ ಇಳಿದು ಕೊರಟಗೆರೆ ಬಸ್ಸು, ಕೊರಟಗೆರೆಯಲ್ಲಿ ಇಳಿದು ಹೊಳವನಹಳ್ಳಿ ಬಸ್ಸು. ಮೂರೂ ಬಸ್ಸಿನಲ್ಲಿ ದಾದಿ ಅಕ್ಕಪಕ್ಕದವರ ಮನೆಯಲ್ಲಿ ಮದುವೆ ವಯಸ್ಸಿಗೆ ಬಂದವರು ಯಾರಿದ್ದಾರೆ ಅಂತ ವಿಚಾರಿಸಿಕೊಂಡರು. ಅಭ್ಯಾಸ ಬಿಡುತ್ತದೆಯೇ?

ರೇಣುಕಯ್ಯ ಬಸ್ ಸ್ಟಾಪಿಗೇ ಬಂದಿದ್ದರು. ಹಣೆಗೆ ವಿಭೂತಿ, ಹೆಗಲಿಗೆ ಟವೆಲ್.

"ಬರ್ರಮ್ಮ, ಬಿಸಿಲಾಗ್ ಬಂದ್ಬುಟ್ರಿ. ಮೊದ್ಲು ಮಜ್ಜಿಗೆ ಕುಡೀರಿ."

ಮನೆಯ ಹಿತ್ತಲಲ್ಲಿ ಒಂದಿಷ್ಟು ಕೋಳಿಗಳು ಕೆದಕಾಡುತ್ತಿದ್ದವು. ಅವುಗಳ ನಡುವೆ, ನುಗ್ಗೆ ಮರದ ನೆರಳಲ್ಲಿ, ಬೂದು ಬಣ್ಣದ ದೊಡ್ಡ ಮೊಲವೊಂದು ಮುಂಗಾಲು ಮಡಿಸಿಕೊಂಡು ಕೂತಿತ್ತು. ಎಡಗಿವಿ ಅರ್ಧ ಹರಿದಿತ್ತು. ಕೋಳಿಗಳು ಜಗಳವಾಡುತ್ತಿದ್ದರೆ ಅದು ಅಲ್ಲಾಡದೆ ನೋಡುತ್ತಿತ್ತು.

"ಇವ್ರೇ ನೋಡಿ ನಮ್ ಮೇಷ್ಟ್ರು," ಅಂದರು ರೇಣುಕಯ್ಯ. "ಗಲಾಟೆ ಮಾಡಾಕಿಲ್ಲ. ಕೂತ್ಕಂಡು ಎಲ್ಲಾರ್ನೂ ನೋಡ್ತಾರೆ. ಅದ್ಕೇ ಆ ಹೆಸ್ರು ಮಡಗಿದ್ದು."

ಅವತ್ತಿನಿಂದ ಬುಷ್ರಾ ಆ ಮೊಲವನ್ನು ಏಕವಚನದಲ್ಲಿ ಕರೆಯಲಿಲ್ಲ. ಮೇಷ್ಟ್ರನ್ನು ಹಾಗೆ ಕರೆಯಲಾಗುತ್ತದೆಯೇ? ನಾವೂ ಕರೆಯುವುದು ಬೇಡ.

ದಾದಿ ಕುರ್ಚಿಯಲ್ಲಿ ನೆಟ್ಟಗೆ ಕೂತು ವಿಚಾರಣೆ ಶುರುಮಾಡಿದರು.

"ಹುಡುಗನ ಕಿವಿ ಯಾಕೆ ಹರಿದಿದೆ?"

"ಮರಿ ಇದ್ದಾಗ ನಾಯಿ ಹಿಡೀತು ಕಣಮ್ಮ. ಮುಚ್ಚುಮರೆ ಇಲ್ಲ. ಒಂದು ಹಿಂಗಾಲೂ ಚೂರು ಎಳೀತದೆ."

"ವಯಸ್ಸು?"

"ನಿಮ್ ಹುಡ್ಗೀಗಿಂತ ಒಂದೆರಡು ವರ್ಷ ಹೆಚ್ಚೇ ಇರ್ಬೋದು."

"ಸ್ವಭಾವ?"

ರೇಣುಕಯ್ಯ ಸ್ವಲ್ಪ ಯೋಚಿಸಿದರು. "ಕಾಯ್ತಾರೆ," ಅಂದರು. "ಹೊಸಾ ಕೋಳಿ ಬಂದಾಗೆಲ್ಲ ಇವ್ರನ್ನ ಕುಕ್ಕುತ್ವೆ. ಇವ್ರು ತಿರುಗಿ ಹೋಗಾಕಿಲ್ಲ. ಒಂದಷ್ಟು ದಿನ ದೂರ ಕೂತ್ಕಂತಾರೆ. ಆಮೇಲೆ ನೋಡಿದ್ರೆ ಆ ಕೋಳಿನೇ ಇವ್ರ ಪಕ್ಕ ಮಲ್ಗಿರ್ತದೆ. ಆದ್ರೂ ಕೋಳಿ ಕೋಳಿನೇ, ಮೊಲ ಮೊಲಾನೇ. ತಲೆ ನೆಕ್ಕಾಕೆ ಕೋಳೀಗೆ ಬತ್ತದಾ?"

"ತಲೆ ನೆಕ್ಕೋದಾ?" ಬುಷ್ರಾ ಕೇಳಿದಳು.

"ಊಂ ಕಣವ್ವ. ಮೊಲ ಇನ್ನೊಂದ್ ಮೊಲದ ಮುಂದೆ ಹೋಗಿ ತಲೆ ಬಗ್ಗಿಸ್ತು ಅಂದ್ರೆ, ನನ್ ತಲೆ ಸವರು ಅಂತ ಕೇಳ್ತಾ ಐತೆ ಅಂತ. ಹಂಗೆ ಮಾಡ್ತು ಅಂದ್ರೆ ಒಪ್ಕಂಡಂಗೆ. ಅಲ್ಲೀಗಂಟ ಏನೂ ಹೇಳಾಕಾಗಲ್ಲ."

ದಾದಿಗೆ ಹುಡುಗ ಒಪ್ಪಿಗೆಯಾಯಿತು. ಹೊರಡುವಾಗ ರೇಣುಕಯ್ಯ ಒಣಗಿದ ಕಡ್ಲೆಕಾಯಿ ಬಳ್ಳಿಯ ಒಂದು ಕಟ್ಟು ಕೊಟ್ಟರು. ಆಮೇಲೆ ಮೇಷ್ಟ್ರ ಬೆನ್ನು ಸವರುತ್ತಾ, "ಹೊಂದ್ಕಳ್ಳಿಲ್ಲ ಅಂದ್ರೆ ವಾಪಸ್ ತಂದ್ಬುಡಿ. ಬೇರೆಯವ್ರಿಗೆ ಮಾತ್ರ ಕೊಡಬ್ಯಾಡಿ," ಅಂದರು.

ಬರುವಾಗ ಬುಟ್ಟಿ ಚಾಚಿಯ ತೊಡೆಯ ಮೇಲಿತ್ತು. ಬಸ್ಸು ಹಳ್ಳಕ್ಕೆ ಇಳಿದಾಗಲೆಲ್ಲ ಮೇಷ್ಟ್ರು ನಡುಗುತ್ತಿದ್ದರು. ಚಾಚಿ ಬುಟ್ಟಿಯ ಮೇಲೆ ಬಾಗಿ ಏನೋ ಪಿಸುಗುಟ್ಟುತ್ತಿದ್ದಳು. ಬುಷ್ರಾ ಕಿವಿಗೊಟ್ಟು ಕೇಳಿದಳು.

"ಏಮೀ ಕಾದು. ಏಮೀ ಕಾದು ಲೇ."

ಬುಷ್ರಾಗೆ ಅಣಕಿಸಬೇಕು ಅನ್ನಿಸಿತು. ಅಷ್ಟರಲ್ಲಿ ಮೇಷ್ಟ್ರ ನಡುಕ ನಿಂತದ್ದು ಕಾಣಿಸಿತು. ಅವಳು ಕಿಟಕಿಯ ಕಡೆ ತಿರುಗಿ ಕೂತಳು.

ಮನೆಗೆ ಬರುವಷ್ಟರಲ್ಲಿ ಬೀದಿಗೆಲ್ಲ ಸುದ್ದಿಯಾಗಿತ್ತು. ಶರಣ್ಯಾ ಬಂದಿದ್ದಳು, ಅಕ್ಕಪಕ್ಕದ ಹೆಂಗಸರು ಬಂದಿದ್ದರು. ಅಮ್ಮಿ ಎಲ್ಲರಿಗೂ ಶರಬತ್ತು ಮಾಡಿದ್ದಳು. ಹಲ್ವಾಳ ಗೂಡಿಗೆ ಶರಣ್ಯಾ ಮಲ್ಲಿಗೆ ದಂಡೆ ಕಟ್ಟಿದ್ದಳು.

ಡಾಕ್ಟರ್ ಹೇಳಿದ ಮಾತು ಬುಷ್ರಾಗೆ ನೆನಪಿತ್ತು. "ದಾದಿ, ಬೇರೆ ಬೇರೆ ಇಡಬೇಕಂತೆ," ಅಂದಳು, ಮೆಲ್ಲಗೆ.

"ಮನೆ ಬಾಗಿಲಿಗೆ ಬಂದ ಅಳಿಯನ್ನ ಹೊರಗೆ ಕೂರಿಸ್ತಾರಾ ಬೇಟಿ? ಜನ ಏನಂತಾರೆ?" ಅಂದರು ದಾದಿ.

ಅಷ್ಟು ಜನರ ಮುಂದೆ ಬುಷ್ರಾ ಮತ್ತೆ ಬಾಯಿ ಬಿಡಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೂ ಇಬ್ಬರನ್ನೂ ಒಟ್ಟಿಗೆ ನೋಡುವ ಆಸೆ ತಡೆಯಲಾಗದಷ್ಟಿತ್ತು. ದಾದಿ ಬಿಸ್ಮಿಲ್ಲಾ ಅಂದು ಮೇಷ್ಟ್ರನ್ನು ಗೂಡಿನೊಳಗೆ ಬಿಟ್ಟರು.

ಇಷ್ಟು ದಿನ ಗೋಡೆ ನೋಡುತ್ತಿದ್ದ ಹಲ್ವಾ ತಿರುಗಿದಳು. ಒಂದು ಕ್ಷಣ ಸುಮ್ಮನಿದ್ದಳು. ಆಮೇಲೆ ಎಗರಿದಳು ನೋಡಿ.

ಗೂಡಿನ ತುಂಬ ಬೂದು ಕೂದಲು ಹಾರಾಡಿತು. ನೀರಿನ ಬಟ್ಟಲು ಉರುಳಿತು, ಮಲ್ಲಿಗೆ ದಂಡೆ ಕಿತ್ತು ಬಿತ್ತು. ಹೆಂಗಸರು ಹಿಂದೆ ಸರಿದರು. ದಾದಿ "ಯಾ ಅಲ್ಲಾ" ಅಂತ ಎದೆ ಹಿಡಿದುಕೊಂಡರು. ಯಾರಿಗೂ ಏನು ಮಾಡಬೇಕೋ ತೋಚಲಿಲ್ಲ.

ಚಾಚಿ ಅಡುಗೆಮನೆಯಿಂದ ಮೊರ ತಂದು ಇಬ್ಬರ ನಡುವೆ ತೂರಿಸಿದಳು. ಇನ್ನೊಂದು ಕೈಯನ್ನು ಒಳಗೆ ಹಾಕಿ ಮೇಷ್ಟ್ರನ್ನು ಎಳೆದುಕೊಂಡಳು. ಹಲ್ವಾಳ ಉಗುರು ತಾಗಿ ಅವಳ ಮೊಣಕೈ ತನಕ ಗೀರಾಯಿತು. ಮೇಷ್ಟ್ರ ಬೆನ್ನಿನ ಮೇಲೂ ಒಂದು ಕಡೆ ಕೂದಲು ಕಿತ್ತುಬಂದಿತ್ತು. ಆದರೆ ಅವರು ಒಂದು ಸಲವೂ ತಿರುಗಿ ಕಚ್ಚಿರಲಿಲ್ಲ.

"ಸಾಕು," ಅಂದಳು ಅಮ್ಮಿ. "ಭಾನುವಾರ ಅಜರ್ ಮಧುಗಿರಿಗೆ ಹೋಗ್ತಾನೆ. ಹಂಗೇ ಹೊಳವನಹಳ್ಳಿಗೆ ಹೋಗಿ ಬಿಟ್ಟು ಬರ್ಲಿ. ಒಂದು ಮೊಲ ಕಳ್ಕೊಂಡಿದ್ದು ಸಾಲದಾ?"

ಅವತ್ತೆಲ್ಲ ದಾದಿ ತಸ್ಬೀ ಮಣಿ ಎಣಿಸುತ್ತಾ ಕೂತುಬಿಟ್ಟರು. ಹಲ್ವಾ ಮತ್ತೆ ಗೋಡೆಗೆ ಮುಖ ಮಾಡಿಕೊಂಡಳು. ಔಷಧಿ ಕುಡಿಸಿದರೂ ಒಂದು ಎಳೆ ಹುಲ್ಲು ಮುಟ್ಟಲಿಲ್ಲ. ಭಾನುವಾರದ ಮೇಲೆ ಇವಳ ಗತಿ ಏನು ಅಂತ ಯೋಚಿಸುತ್ತಾ ಬುಷ್ರಾ ಮಲಗುವ ತನಕ ಗೂಡಿನ ಮುಂದೆಯೇ ಕೂತಿದ್ದಳು.

ಬೆಳಿಗ್ಗೆ ಎದ್ದು ಬಂದಾಗ ಚಾಚಿ ಮೆಟ್ಟಿಲ ಕೆಳಗೆ ಕೂತು ಕೈಯ ಗೀರಿಗೆ ಅರಿಶಿನ ಹಚ್ಚಿಕೊಳ್ಳುತ್ತಿದ್ದಳು. ಪಕ್ಕದ ಬುಟ್ಟಿಯಲ್ಲಿ ಮೇಷ್ಟ್ರು.

"ಉರಿಯುತ್ತಾ?" ಬುಷ್ರಾ ಕೇಳಿದಳು. ಚಾಚಿಯನ್ನು ತಾನಾಗಿ ಮಾತಾಡಿಸಿದ್ದು ಅದೇ ಮೊದಲು.

"ಇಲ್ಲ. ಪಾಪ, ಹಲ್ವಾದು ತಪ್ಪಿಲ್ಲ. ಅವಳ ಮನೆ ಅದು." ಚಾಚಿ ಬುಟ್ಟಿಯ ಕಡೆ ನೋಡಿದಳು. "ಮೇಷ್ಟ್ರದ್ದೂ ತಪ್ಪಿಲ್ಲ. ಎಲ್ಲಿ ಮೂಸಿದ್ರೂ ಹಲ್ವಾದೇ ವಾಸನೆ. ತಟ್ಟೆ ಹಲ್ವಾದು, ನೀರು ಹಲ್ವಾದು. ಎಲ್ಲಿ ಕೂತ್ಕೋಬೇಕು ಅವ್ರು?"

ಬುಷ್ರಾ ಬುಟ್ಟಿಯ ಪಕ್ಕ ಕೂತಳು.

"ನಾನು ಈ ಮನೆಗೆ ಬಂದ ದಿನ ಎಷ್ಟು ಜನ, ಎಷ್ಟು ಸಡಗರ. ನಿಮ್ಮ ದಾದಿ ನನ್ನ ಕೈ ಹಿಡಿದು ನೇರ ಅಡುಗೆಮನೆಗೆ ಕರ್ಕೊಂಡು ಹೋಗಿ, ಇದೆಲ್ಲಾ ನಿಂದೇ ಅಂದ್ರು. ರಾತ್ರಿ ಬಾಯಾರಿಕೆ ಆಯ್ತು. ಲೋಟ ಸಾಲಾಗಿ ಇಟ್ಟಿದ್ರು. ಯಾವುದು ಯಾರದೋ ಗೊತ್ತಾಗ್ಲಿಲ್ಲ. ನೀರು ಕುಡೀದೆ ಮಲಗಿದೆ." ಚಾಚಿ ನಕ್ಕಳು. "ಈಗ ನೆನೆಸ್ಕೊಂಡ್ರೆ ನಗು ಬರುತ್ತೆ."

ಬುಷ್ರಾಗೆ ನಗು ಬರಲಿಲ್ಲ. ಆ ಸಾಲಿನಲ್ಲಿ ತನ್ನ ಹೂವಿನ ಲೋಟವೂ ಇತ್ತು. ಮಾರನೇ ದಿನ ಚಾಚಿ ಅದನ್ನು ಎತ್ತಿಕೊಂಡಾಗ "ಅದು ನಂದು" ಅಂತ ಕಿತ್ತುಕೊಂಡದ್ದೂ ನೆನಪಾಯಿತು.

"ಚಾಚಿ," ಅಂದಳು. "ಭಾನುವಾರಕ್ಕೆ ಇನ್ನೂ ಟೈಮ್ ಇದೆ. ಡಾಕ್ಟರ್ ಹೇಳಿದ ಹಂಗೆ ಮಾಡಿ ನೋಡೋಣ್ವಾ?"

ಚಾಚಿ ಆಗಲೇ ಎದ್ದಿದ್ದಳು. ಹಿತ್ತಲಲ್ಲಿ ಟೊಮ್ಯಾಟೊ ತುಂಬುವ ಪ್ಲಾಸ್ಟಿಕ್ ಕ್ರೇಟು ಬಿದ್ದಿತ್ತು. ತೊಳೆದು, ಹುಲ್ಲು ಹಾಸಿ, ಹಲ್ವಾಳ ಗೂಡಿನ ಪಕ್ಕ ಇಟ್ಟರು. ಮುಟ್ಟಲಾಗದಷ್ಟು ದೂರ, ನೋಡಲಾಗುವಷ್ಟು ಹತ್ತಿರ. ಮೇಷ್ಟ್ರಿಗೆ ಅವರದೇ ಹೊಸ ಬಟ್ಟಲು, ಅವರದೇ ನೀರು.

ಹಲ್ವಾ ಹಿಂಗಾಲು ನೆಲಕ್ಕೆ ಅಪ್ಪಳಿಸಿ ಸಿಟ್ಟು ತೋರಿಸಿದಳು. ಧಬ್, ಧಬ್. ಮೇಷ್ಟ್ರು ಅವಳ ಕಡೆ ಒಮ್ಮೆ ನೋಡಿದರು. ಆಮೇಲೆ ನಿಧಾನವಾಗಿ ತಿರುಗಿ, ಅವಳಿಗೆ ಬೆನ್ನು ಮಾಡಿ ಮಲಗಿಬಿಟ್ಟರು. ಕೂದಲು ಕಿತ್ತುಹೋದ ಜಾಗ ಹಲ್ವಾಳ ಕಡೆಗೇ ಇತ್ತು.

"ಎಷ್ಟು ಧೈರ್ಯ ಅಲ್ವೇನೇ," ಅಂದಳು ಸಂಜೆ ನೋಡಲು ಬಂದ ಶರಣ್ಯಾ. "ನಾನಾಗಿದ್ರೆ ಕಣ್ಣು ಬಿಟ್ಕೊಂಡೇ ಮಲಗ್ತಿದ್ದೆ."

ಬುಷ್ರಾಗೂ ಹಾಗೇ ಅನ್ನಿಸುತ್ತಿತ್ತು. ಕಚ್ಚಿದವರ ಮುಂದೆ ಹೀಗೆ ಬೆನ್ನು ಕೊಟ್ಟು ಮಲಗಬೇಕೆಂದರೆ ಎಂಥ ಮನಸ್ಸಿರಬೇಕು. ಜಗಳದಲ್ಲಿ ಗೆಲ್ಲುವವರನ್ನು ಬುಷ್ರಾ ಬಹಳ ನೋಡಿದ್ದಳು, ಅವರ ಕ್ಲಾಸಿನಲ್ಲೇ ಅಂಥವರು ಒಂದು ಬೆಂಚಿನ ತುಂಬ ಇದ್ದರು. ಹೀಗೆ ಜಗಳವನ್ನೇ ಮುಟ್ಟದೆ ಕೂರುವವರನ್ನು ನೋಡಿದ್ದು ಇದೇ ಮೊದಲು. ಅವಳು ಶಾಲೆಯಿಂದ ಬಂದವಳೇ ಬ್ಯಾಗು ಎಸೆದು ಮೆಟ್ಟಿಲ ಕೆಳಗೆ ಕೂತು ಮೇಷ್ಟ್ರನ್ನೇ ನೋಡುತ್ತಿದ್ದಳು.

ಚಾಚಿ ದಿನಾ ಎರಡೂ ಕಡೆಯ ಹಾಸು ಬಟ್ಟೆ ಅದಲುಬದಲು ಮಾಡುತ್ತಿದ್ದಳು. ಇವಳ ವಾಸನೆ ಅವರಿಗೆ, ಅವರ ವಾಸನೆ ಇವಳಿಗೆ. ಮೊದಲ ಸಲ ಹಲ್ವಾ ಆ ಬಟ್ಟೆಯನ್ನು ಹಲ್ಲಿನಲ್ಲಿ ಹಿಡಿದು ಮೂಲೆಗೆ ಎಸೆದಳು. ಮಾರನೇ ದಿನ ಮೂಸಿದಳು. ಅದರ ಮಾರನೇ ದಿನ ಅದರ ಮೇಲೇ ಕೂತಿದ್ದಳು.

ಶುಕ್ರವಾರ ಸಂಜೆ ಮೇಷ್ಟ್ರು ಕಡ್ಲೆಕಾಯಿ ಬಳ್ಳಿ ತಿನ್ನುತ್ತಿದ್ದರು. ಕರುಂ ಕುರುಂ ಅಂತ ಸದ್ದು. ಹಲ್ವಾಳ ಮೂಗು ಅಲ್ಲಾಡಿತು. ಅವಳು ಗೋಡೆ ಬಿಟ್ಟು ಒಂದೊಂದೇ ಹೆಜ್ಜೆ ಇಟ್ಟು ಜಾಲರಿಯ ಹತ್ತಿರ ಬಂದಳು. ಅಲ್ಲಿ ಬುಷ್ರಾ ಇಟ್ಟಿದ್ದ ಬಳ್ಳಿಯ ಒಂದು ತುಂಡಿತ್ತು. ಮೂಸಿದಳು. ಬಾಯಿ ಹಾಕಿದಳು.

ಕರುಂ.

ಪಕ್ಕದಲ್ಲಿದ್ದ ಚಾಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡದ್ದು ಬುಷ್ರಾಗೇ ಗೊತ್ತಾಗಲಿಲ್ಲ. ಹಲ್ವಾ ಪೂರ್ತಿ ತುಂಡು ತಿಂದಳು. ಆಮೇಲೆ ಇನ್ನೊಂದು.

"ತಿಂದ್ಳು ದಾದಿ," ಬುಷ್ರಾ ಒಳಗೆ ಓಡಿದಳು. "ಹಲ್ವಾ ತಿಂದ್ಳು."

ದಾದಿಯ ಕೈಯಲ್ಲಿ ತಸ್ಬೀ ನಿಂತಿತು. ಆದರೆ ಅಮ್ಮಿ, "ತಿಂದಿದ್ದು ಸಂತೋಷ. ಒಟ್ಟಿಗೆ ಇರ್ತಾವಾ ಅನ್ನೋದು ಬೇರೆ ಮಾತು. ಇಲ್ಲಾಂದ್ರೆ ಭಾನುವಾರ ಕಳಿಸೋದೇ," ಅಂದಳು. ಅಮ್ಮಿಯ ಮಾತು ಸುಲಭಕ್ಕೆ ಬದಲಾಗುವಂಥದ್ದಲ್ಲ.

ಉಳಿದದ್ದು ಶನಿವಾರ ಒಂದೇ. ಎಲ್ಲಿ ಭೇಟಿ ಮಾಡಿಸುವುದು? ಮನೆಯೆಲ್ಲ ಹಲ್ವಾ ಓಡಾಡಿದ ಜಾಗವೇ.

"ನಮ್ಮ ಟೆರೇಸು," ಅಂದಳು ಶರಣ್ಯಾ. "ಅಲ್ಲಿ ಇಬ್ರದ್ದೂ ಏನೂ ಇಲ್ಲ. ನಮ್ಮಮ್ಮನ ಹಪ್ಪಳ ಮಾತ್ರ. ಅದನ್ನ ಎತ್ತಿಡ್ತೀನಿ."

ಶನಿವಾರ ಬಿಸಿಲು ಇಳಿದ ಮೇಲೆ ಎಲ್ಲರೂ ಶರಣ್ಯಾಳ ಮನೆಯ ಟೆರೇಸು ಹತ್ತಿದರು. ದಾದಿ ಮಂಡಿನೋವು ಅನ್ನುತ್ತಾ ಹತ್ತಿ ಬಂದು ನೀರಿನ ಟ್ಯಾಂಕಿಗೆ ಒರಗಿ ಕೂತರು. ಕೊನೆಗೆ ಅಮ್ಮಿಯೂ ಬಂದಳು, ಒಣಗಿದ ಬಟ್ಟೆ ತೆಗೆಯುವ ನೆಪ ಮಾಡಿಕೊಂಡು. ಬಟ್ಟೆ ಅವಳದ್ದಾಗಿರಲಿಲ್ಲ.

ಚಾಚಿ ಮೊರ ಹಿಡಿದು ಸಿದ್ಧವಾಗಿ ಕೂತಳು. ಬುಷ್ರಾ ಬುಟ್ಟಿಗಳನ್ನು ಎರಡು ಮೂಲೆಯಲ್ಲಿ ಇಟ್ಟು ತೆರೆದಳು.

ಹಲ್ವಾ ಹೊರಗೆ ಬಂದು ಅತ್ತಿತ್ತ ಮೂಸಿದಳು. ಇಲ್ಲಿ ಅವಳದೇನೂ ಇರಲಿಲ್ಲ. ಮೇಷ್ಟ್ರು ಕಾಲೆಳೆಯುತ್ತಾ ನಡುವಿಗೆ ಬಂದರು. ಅವರನ್ನು ಕಂಡದ್ದೇ ಹಲ್ವಾ ನುಗ್ಗಿದಳು. ಚಾಚಿ ಮೊರ ಎತ್ತಿದಳು.

ಮೇಷ್ಟ್ರು ಓಡಲಿಲ್ಲ. ಇದ್ದಲ್ಲೇ ತಿರುಗಿ, ಬೆನ್ನು ಕೊಟ್ಟು, ಕಾಲು ಚಾಚಿ ಮಲಗಿದರು.

ನುಗ್ಗಿ ಬಂದ ಹಲ್ವಾ ಗಕ್ಕನೆ ನಿಂತಳು. ಏನು ಮಾಡಬೇಕೋ ಅವಳಿಗೆ ಗೊತ್ತಾಗಲಿಲ್ಲ. ಅವರ ಸುತ್ತ ಒಂದು ಸುತ್ತು ಬಂದಳು. ಹರಿದ ಕಿವಿ ಮೂಸಿದಳು. ಕೂದಲು ಕಿತ್ತ ಜಾಗ ಮೂಸಿದಳು. ದೂರ ಹೋಗಿ ಕೂತಳು. ಮತ್ತೆ ಸ್ವಲ್ಪ ಹತ್ತಿರ ಬಂದಳು. ಮತ್ತೆ ಸ್ವಲ್ಪ.

ಕೆಳಗೆ ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಶರಣ್ಯಾಗೆ ಸೀನು ಬಂತು, ಮೂಗು ಒತ್ತಿ ಹಿಡಿದುಕೊಂಡಳು.

ಹಲ್ವಾ ಮೇಷ್ಟ್ರ ಮುಂದೆ ಬಂದು ನಿಂತಳು. ಆಮೇಲೆ ಮೆಲ್ಲಗೆ ತಲೆ ಬಗ್ಗಿಸಿ, ಅವರ ಗದ್ದದ ಕೆಳಗೆ ಇಟ್ಟಳು.

ಮೇಷ್ಟ್ರು ಒಂದು ಗಳಿಗೆ ಅಲ್ಲಾಡಲಿಲ್ಲ. ಆಮೇಲೆ ಅವಳ ಹಣೆ ನೆಕ್ಕಿದರು. ಕಿವಿಯ ಬುಡ ನೆಕ್ಕಿದರು. ಬರ್ಫಿ ಹೋದ ಮೇಲೆ ಯಾರೂ ಮುಟ್ಟದ ಜಾಗ ಅದು. ಹಲ್ವಾ ಕಣ್ಣು ಮುಚ್ಚಿಕೊಂಡಳು.

"ಒಪ್ಪಿದಳು," ಅಂದರು ದಾದಿ, ದುಪಟ್ಟಾದ ತುದಿಯಲ್ಲಿ ಕಣ್ಣು ಒರೆಸಿಕೊಳ್ಳುತ್ತಾ. "ಎಂಥ ಹುಡುಗ. ನಾನು ಇಷ್ಟು ನಿಖಾ ಮಾಡಿಸಿದೀನಿ, ಇಂಥ ಹುಡುಗನ್ನ ನೋಡಿಲ್ಲ."

ಅಮ್ಮಿ ಬೇರೆಯವರ ಬಟ್ಟೆ ಮಡಚುತ್ತಾ, "ಅಜರ್‌ಗೆ ಹೇಳ್ತೀನಿ, ಭಾನುವಾರ ಬರಿಗೈಲಿ ಹೋಗ್ಲಿ," ಅಂದಳು.

ದಾದಿ ಅಲ್ಲಿಂದಲೇ ಹೊಳವನಹಳ್ಳಿಗೆ ಫೋನು ಮಾಡಿದರು. ಆ ಕಡೆ ರೇಣುಕಯ್ಯ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಆಮೇಲೆ, "ಆಗಾಗ ಗರಿಕೆ ಹುಲ್ಲು ಹಾಕ್ರಮ್ಮ. ಅದು ಅಂದ್ರೆ ಮೇಷ್ಟ್ರಿಗೆ ಪ್ರಾಣ," ಅಂದರು.

ಬುಷ್ರಾ ಮಾತ್ರ ಮೊಲಗಳನ್ನು ನೋಡುತ್ತಿರಲಿಲ್ಲ. ಚಾಚಿಯನ್ನು ನೋಡುತ್ತಿದ್ದಳು. ಎಲ್ಲರೂ ಮುಂದೆ ಬಂದು ಮೊಲಗಳ ಸುತ್ತ ಸೇರಿದ್ದರೆ, ಚಾಚಿ ಮೊರವನ್ನು ಮಡಿಲಲ್ಲಿ ಇಟ್ಟುಕೊಂಡು ಸ್ವಲ್ಪ ದೂರದಲ್ಲಿ ಸುಮ್ಮನೆ ಕೂತಿದ್ದಳು. ಮನೆಯಲ್ಲೂ ಅವಳು ಯಾವಾಗಲೂ ಅಷ್ಟೇ ದೂರದಲ್ಲಿ ಕೂರುತ್ತಾಳೆ, ಅಡುಗೆಮನೆ ಬಾಗಿಲ ಹತ್ತಿರ. ಯಾರನ್ನೂ ಏನೂ ಕೇಳದೆ. ಬುಷ್ರಾಗೆ ಇದು ಇಷ್ಟು ದಿನ ಕಂಡೇ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಹಲ್ವಾ ಮತ್ತು ಮೇಷ್ಟ್ರು ಒಬ್ಬರಿಗೊಬ್ಬರು ಒತ್ತಿಕೊಂಡು ಕೊತ್ತಂಬರಿ ತಿನ್ನುತ್ತಿದ್ದರು. ಗೋಡೆಯ ಕಡೆ ಯಾರೂ ನೋಡುತ್ತಿರಲಿಲ್ಲ.

"ಆಟೋ ಬರೋ ಹೊತ್ತಾಯ್ತು ಬುಷ್ರಾ," ಅಮ್ಮಿ ಕೂಗಿದಳು. "ಬಾ ಜಡೆ ಹಾಕ್ತೀನಿ. ತಡಿ, ಕೈ ತೊಳ್ಕೊಂಡು ಬರ್ತೀನಿ."

ಚಾಚಿ ಅಡುಗೆಮನೆ ಬಾಗಿಲಲ್ಲಿ ಆ ಕಡೆ ತಿರುಗಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಈ ಸಲ ಅವಳು ಏನೂ ಕೇಳಲಿಲ್ಲ.

ಬುಷ್ರಾ ಗೂಡಿನ ಮೇಲಿದ್ದ ಬಾಚಣಿಗೆ ತೆಗೆದುಕೊಂಡಳು. ಎರಡು ಹೆಜ್ಜೆ ನಡೆದಳು, ನಿಂತಳು, ಮತ್ತೆ ನಡೆದಳು. ಚಾಚಿಯ ಮುಂದೆ ಹೋಗಿ, ಬೆನ್ನು ಮಾಡಿ ಕೂತು, ಬಾಚಣಿಗೆಯನ್ನು ಹಿಂದಕ್ಕೆ ಚಾಚಿದಳು. ಆಮೇಲೆ ತಲೆ ಬಗ್ಗಿಸಿದಳು.

ಅವರೆಕಾಯಿ ಸುಲಿಯುವ ಸದ್ದು ನಿಂತಿತು. ಬಾಚಣಿಗೆ ಅವಳ ಕೈಯಿಂದ ಮೆಲ್ಲಗೆ ಹೋಯಿತು.

"ಒಂದು ಜಡೆನಾ, ಎರಡಾ?" ಚಾಚಿ ಕೇಳಿದಳು.

"ಎರಡು."

ಚಾಚಿಯ ಬೆರಳು ಅವಳ ಕೂದಲೊಳಗೆ ಇಳಿಯಿತು. ಕಿವಿಯ ಹಿಂದೆ ಒಂದು ಸಿಕ್ಕು ಇತ್ತು. ಬಿಡಿಸುವಾಗ ಚುರುಕ್ಕೆಂದಿತು.

"ನೋವಾಯ್ತಾ?"

ಹೊರಗೆ ಆಟೋ ಹಾರ್ನ್ ಹೊಡೆಯಿತು. ಬುಷ್ರಾ ತಲೆ ಎತ್ತಲಿಲ್ಲ.

"ಏಮೀ ಕಾದು," ಅಂದಳು.